ತಡವಾಗಿ ತಲುಪುವ ಅಕ್ಷರ

ನಮ್ಮ ಮನೆಯ ಮೇಲಿನ ಮಹಡಿಯಿಂದ ಬೆಳಗಿನ ಹೊತ್ತು ಒಂದು ಸದ್ದು ಬರುತ್ತದೆ. ಹೊಸದಾಗಿ ಬಂದ ನೆಂಟರು ಅದನ್ನು ಕೇಳಿ, "ಮೇಲಿನ ಮನೆಯವರು ಕಾಳು ಚೆಲ್ಲಿಕೊಂಡರು ಅಂತ ಕಾಣುತ್ತೆ" ಎನ್ನುತ್ತಾರೆ. ಅದು ಫಟಫಟಿಯ ಬೆರಳುಗಳ ಸದ್ದು.

ಫಟಫಟಿ ನನ್ನ ಹಳೆಯ ವಿದ್ಯಾರ್ಥಿನಿ. ಶಾಲೆಯಲ್ಲಿ ಅವಳ ಮಾತಿನ ವೇಗವನ್ನು ಕಂಡು ಜೊತೆಯ ಮಕ್ಕಳು ಮೋಟಾರು ಸೈಕಲ್ಲಿನ ಹೆಸರಿಟ್ಟರು, ಅದೇ ಉಳಿಯಿತು. ಉಕ್ತಲೇಖನ ಕೊಡುವಾಗ ನಾನು ವಾಕ್ಯವನ್ನು ಮುಗಿಸುವ ಮೊದಲೇ ಅವಳು ಪೂರ್ಣವಿರಾಮವನ್ನಿಟ್ಟು ತಲೆಯೆತ್ತಿರುತ್ತಿದ್ದಳು. "ನಾನು ಹೇಳಿದ ಮೇಲೆ ಬರಿ ತಾಯಿ" ಎಂದರೆ, "ನೀವು ಏನು ಹೇಳ್ತೀರಿ ಅಂತ ಗೊತ್ತಿತ್ತು ಸರ್" ಎನ್ನುವಳು. ಎಷ್ಟೋ ಸಲ ಗೊತ್ತಿರುತ್ತಿದ್ದದ್ದೂ ನಿಜ. ಕೆಲವು ಸಲ ಮಾತ್ರ ನನ್ನ ವಾಕ್ಯದಲ್ಲಿ ಹಸು ಇನ್ನೂ ಹುಲ್ಲು ಮೇಯುತ್ತಿದ್ದರೆ, ಅವಳ ವಾಕ್ಯದಲ್ಲಿ ಅದು ಹಾಲು ಕೊಟ್ಟು ಮಲಗಿರುತ್ತಿತ್ತು.

ದೊಡ್ಡವಳಾಗಿ ಬೆರಳಚ್ಚು ಕಲಿತಳು. ನಾನಿರುವ ಕಟ್ಟಡಕ್ಕೇ ಸೊಸೆಯಾಗಿ ಬಂದಳು. ಒಬ್ಬ ವಕೀಲರ ಕಚೇರಿಯಲ್ಲಿ ಬಹಳ ಕಾಲ ಟೈಪು ಮಾಡಿದಳು. ವಕೀಲರು ತೀರಿಕೊಂಡು ಕಚೇರಿ ಮುಚ್ಚಿದ ಮೇಲೆ ಈಗಿನ ಕೆಲಸವನ್ನು ಹಿಡಿದಳು. ಆ ಕೆಲಸ ಏನೆಂಬುದು ನನಗೆ ಅರ್ಥವಾಗಲು ಸ್ವಲ್ಪ ಸಮಯ ಹಿಡಿಯಿತು.

ದೂರದ ಒಂದು ಕಾಲೇಜಿನಲ್ಲಿ ಕಿವಿ ಕೇಳದ ಹುಡುಗಿಯೊಬ್ಬಳು ರಸಾಯನಶಾಸ್ತ್ರ ಓದುತ್ತಿದ್ದಾಳೆ. ಅವಳ ಅಧ್ಯಾಪಕರು ಅಂಗಿಗೆ ಸಣ್ಣ ಮೈಕನ್ನು ಸಿಕ್ಕಿಸಿಕೊಂಡು ಪಾಠ ಮಾಡುತ್ತಾರೆ. ಆ ದನಿ ಇಂಟರ್ನೆಟ್ಟಿನ ಮೂಲಕ ನಮ್ಮ ಮೇಲಿನ ಮಹಡಿಗೆ ಬರುತ್ತದೆ. ಫಟಫಟಿ ಕಿವಿಗೆ ಹೆಡ್‌ಫೋನು ಹಾಕಿಕೊಂಡು, ಕೇಳಿದ್ದನ್ನೆಲ್ಲ ಕೇಳಿದಂತೆಯೇ ಟೈಪು ಮಾಡುತ್ತಾಳೆ. ಆ ಅಕ್ಷರಗಳು ಮರಳಿ ಹೋಗಿ ಹುಡುಗಿಯ ಮುಂದಿನ ಪರದೆಯ ಮೇಲೆ ಮೂಡುತ್ತವೆ. ಹುಡುಗಿಗೆ ಮಾತನಾಡಲು ಬರುತ್ತದೆ, ಕೇಳುವುದಷ್ಟೇ ಇಲ್ಲ.

"ಸರ್, ನನ್ನ ಕೆಲಸ ಸರಿಯಾಗಿದೆಯಾ ಇಲ್ಲವಾ ಅಂತ ನೋಡೋಕೆ ಒಂದೇ ದಾರಿ" ಎಂದು ಒಮ್ಮೆ ಅವಳು ಹೇಳಿದಳು. "ಮೇಷ್ಟ್ರು ಏನಾದ್ರೂ ತಮಾಷೆ ಮಾಡಿದಾಗ ಅವಳೂ ಎಲ್ಲರ ಜೊತೆಗೇ ನಗಬೇಕು. ಎಲ್ಲರೂ ನಕ್ಕು ಸುಮ್ಮನಾದ ಮೇಲೆ ಅವಳೊಬ್ಬಳೇ ನಕ್ಕರೆ ನನ್ನ ಕೆಲಸ ಕೆಟ್ಟಿತು ಅಂತ."

ಫಟಫಟಿಯ ಗಂಡ ಬಸ್ಸು ಓಡಿಸುತ್ತಾನೆ, ನಸುಕಿನಲ್ಲೇ ಹೊರಟುಬಿಡುತ್ತಾನೆ. ಬೆಳಗಿನ ಹೊತ್ತು ಮನೆಯಲ್ಲಿರುವವರು ಅವಳ ಅತ್ತೆ ಮತ್ತು ಮೈದುನ. ಮೈದುನ ನಲ್ಲಿ, ಪೈಪು ಮಾರುವ ಅಂಗಡಿಯಲ್ಲಿ ವ್ಯಾಪಾರ ನೋಡಿಕೊಳ್ಳುತ್ತಾನೆ. ಮದುವೆಯ ವಯಸ್ಸು ಬಂದಿದ್ದರೂ ಫೋನಿನಲ್ಲಿ ಯುದ್ಧದ ಆಟ ಆಡುವ ಹುಚ್ಚು ಬಿಟ್ಟಿಲ್ಲ. ಅತ್ತೆಯದು ಬಾಯಿ ಜೋರು, ಕರುಳು ಮೆತ್ತಗೆ. ನಾನೂ ಬೆಳಿಗ್ಗೆ ಪತ್ರಿಕೆ ಓದುವ ನೆಪದಲ್ಲಿ ಅಲ್ಲಿಗೆ ಹೋಗುತ್ತೇನೆ. ನಿಜವಾದ ಕಾರಣ ಅವರ ಮನೆಯ ಚಹಾ.

ಸೊಸೆಯ ಕೆಲಸಕ್ಕೆ ಅಡ್ಡಿಯಾಗಬಾರದೆಂದು ಅತ್ತೆ ಒಂದು ಕಾನೂನು ಮಾಡಿದ್ದರು. ಪಾಠ ಶುರುವಾಗುವ ಮುಂಚೆ ಎಲ್ಲರೂ ತಮ್ಮ ತಮ್ಮ ಫೋನುಗಳನ್ನು ಹಜಾರದ ಕಪಾಟಿನ ಮೇಲಿರುವ ಬೆತ್ತದ ಬುಟ್ಟಿಗೆ ಹಾಕಬೇಕು. ಪಾಠ ಮುಗಿಯುವವರೆಗೆ ಯಾರೂ ಮುಟ್ಟುವಂತಿಲ್ಲ. "ನಾವ್ಯಾರೂ ನೆಟ್ಟು ಮುಟ್ಟದೇ ಇದ್ರೆ ಪೂರ್ತಿ ಅವಳಿಗೇ ಸಿಗುತ್ತಲ್ಲ" ಎಂಬುದು ಅವರ ನ್ಯಾಯ. ಜೊತೆಗೆ, "ಸುಮ್ನೆ ಬಿದ್ದಿರೋ ಬದಲು ಚಾರ್ಜಾದ್ರೂ ಆಗ್ಲಿ" ಎಂದು ಒಂದೊಂದಕ್ಕೂ ಚಾರ್ಜರು ಸಿಕ್ಕಿಸುವರು. ನನ್ನ ಫೋನಿಗೂ ವಿನಾಯಿತಿ ಇರಲಿಲ್ಲ. "ಮೇಷ್ಟ್ರೇ, ನಿಮ್ಮದೂ ಹಾಕಿ. ಕಾನೂನು ಅಂದ್ರೆ ಕಾನೂನು" ಎಂದು ಬುಟ್ಟಿಯನ್ನು ಮುಂದೆ ಹಿಡಿಯುತ್ತಿದ್ದರು.

ಈಚೆಗೆ ಮೈದುನ ತಾಯಿಗೆ ಒಂದು ಹೊಸ ಫೋನು ತಂದುಕೊಟ್ಟಿದ್ದ. ಅದರ ಕ್ಯಾಮೆರಾ ಬಹಳ ಚೆನ್ನಾಗಿತ್ತು. ಎದುರಿನ ಖಾಲಿ ಜಾಗದಲ್ಲಿ ಎತ್ತರದ ಕಟ್ಟಡವೊಂದು ಏಳುತ್ತಿತ್ತು. ಅತ್ತೆ ಬೆಳಿಗ್ಗೆ ಎದ್ದವರೇ ಬಾಲ್ಕನಿಯಲ್ಲಿ ನಿಂತು, ಕ್ರೇನು ಕಬ್ಬಿಣವನ್ನು ಎತ್ತುವುದನ್ನು, ಇಳಿಸುವುದನ್ನು, ಮತ್ತೆ ಎತ್ತುವುದನ್ನು ಕೈ ಸೋಲುವವರೆಗೆ ವಿಡಿಯೋ ಮಾಡುವರು. ಆಮೇಲೆ ಪಾಠದ ಹೊತ್ತಾದಾಗ ಫೋನನ್ನು ಬುಟ್ಟಿಗೆ ಹಾಕುವರು.

"ಇಷ್ಟನ್ನೆಲ್ಲ ಯಾರು ನೋಡ್ತಾರಮ್ಮ?" ಎಂದು ಕೇಳಿದೆ.

"ನನ್ನ ತಂಗಿ ಬಂದಾಗ ತೋರಿಸ್ತೀನಿ. ಅವಳ ಊರಲ್ಲಿ ಇಷ್ಟು ಎತ್ತರದ್ದು ಒಂದೂ ಇಲ್ಲ, ಜಂಬ ಮಾತ್ರ ಇದಕ್ಕಿಂತ ಎತ್ತರ" ಎಂದರು.

ತೊಂದರೆ ಶುರುವಾದದ್ದು ಹುಡುಗಿಯ ಕೊನೆಯ ಪರೀಕ್ಷೆ ಹತ್ತಿರ ಬಂದಾಗ. ಬರವಣಿಗೆಯ ಪರೀಕ್ಷೆಗಳು ಮುಗಿದು ಮೌಖಿಕ ಪರೀಕ್ಷೆಯೊಂದು ಉಳಿದಿತ್ತು, ಅದರ ತಯಾರಿಗೆಂದು ಪಾಠ ಇನ್ನೂ ನಡೆಯುತ್ತಿತ್ತು. ಪರೀಕ್ಷಕರು ಎದುರು ಕುಳಿತು ಪ್ರಶ್ನೆ ಕೇಳುತ್ತಾರೆ. ಹುಡುಗಿ ಅದನ್ನು ಪರದೆಯಲ್ಲಿ ಓದಿ ಬಾಯಲ್ಲಿ ಉತ್ತರ ಹೇಳಬೇಕು. ಕಾಲೇಜಿನವರು ಒಂದು ಅಭ್ಯಾಸ ಪರೀಕ್ಷೆ ಮಾಡಿ ನೋಡಿದರು. ಪರೀಕ್ಷಕರು ಮೊದಲ ಪ್ರಶ್ನೆ ಕೇಳಿ ಕಾದರು. ಹುಡುಗಿಯ ಪರದೆ ಖಾಲಿ. ಗೊತ್ತಿಲ್ಲವೇನೋ ಎಂದು ಎರಡನೆಯದನ್ನು ಕೇಳಿದರು. ಆಗ ಪರದೆಯ ಮೇಲೆ ಮೊದಲ ಪ್ರಶ್ನೆ ಬಂತು. ಹುಡುಗಿ ಅದಕ್ಕೆ ಉತ್ತರ ಹೇಳಿದಳು. ಎರಡನೆಯ ಪ್ರಶ್ನೆಗೆ ಅದು ಹುಚ್ಚು ಉತ್ತರವಾಯಿತು. ಕೋಣೆಯಲ್ಲಿ ಯಾರೋ ನಕ್ಕರು. ಫಟಫಟಿಗೆ ಆ ನಗು ಹೆಡ್‌ಫೋನಿನಲ್ಲಿ ಕೇಳಿಸಿತು. ಅದನ್ನು ಅಕ್ಷರದಲ್ಲಿ ಬರೆಯಲು ಅವಳ ಕೈ ಬರಲಿಲ್ಲ.

ಸಂಜೆ ಹುಡುಗಿಯಿಂದ ಸಂದೇಶ ಬಂತು. "ಅಕ್ಕ, ಅವರ ತುಟಿ ನಿಂತು ಎಷ್ಟೋ ಹೊತ್ತಾದರೂ ನಿಮ್ಮ ಅಕ್ಷರ ಬರಲಿಲ್ಲ. ಗುರುವಾರದ ಪರೀಕ್ಷೆಯಲ್ಲೂ ಹೀಗೇ ಆದರೆ ಮುಂದಿನ ವರ್ಷ ನೋಡೋಣ ಅಂತಿದ್ದಾರೆ. ನನಗೆ ಮುಂದಿನ ವರ್ಷ ಬೇಡ ಅಕ್ಕ." ಟೈಪು ಮಾಡಲು ಬೇರೆಯವರನ್ನು ಹಾಕಬಹುದಿತ್ತು. ಹಿಂದೆ ಒಮ್ಮೆ ಹಾಕಿದ್ದರಂತೆ. ರಾಸಾಯನಿಕಗಳ ಹೆಸರು ಬಂದಲ್ಲೆಲ್ಲ ಆತ ಚುಕ್ಕೆಗಳನ್ನಿಟ್ಟು ಮುಂದೆ ಹೋಗಿದ್ದನಂತೆ.

ಫಟಫಟಿ ಸೆರಗು ಬಿಗಿದು ತಡದ ಬೆನ್ನು ಹತ್ತಿದಳು.

ಮೊದಲು ಗಾಳಿಯಲ್ಲಿ ಬರುವ ವೈಫೈಯನ್ನು ಬಿಟ್ಟಳು. ಗೋಡೆಗೆ ಹೊಡೆದ ಇಂಟರ್ನೆಟ್ಟಿನ ಪೆಟ್ಟಿಗೆಯಿಂದ ತನ್ನ ಲ್ಯಾಪ್‌ಟಾಪಿನವರೆಗೆ ಹಜಾರದ ಅಡ್ಡಕ್ಕೆ ಒಂದು ತಂತಿಯನ್ನೆಳೆದಳು. ಮಾರನೆಯ ಬೆಳಿಗ್ಗೆ ನೋಡಿದರೆ ಅತ್ತೆ ಅದರ ಮೇಲೆ ಒದ್ದೆ ಟವೆಲು ಹರವಿದ್ದರು. "ಕಟ್ಟಿರೋ ತಂತಿ ಖಾಲಿ ಯಾಕಿರಬೇಕು?" ಎಂದರು. ಟವೆಲು ತೆಗೆದರೂ ತಡ ಹೋಗಲಿಲ್ಲ.

ಆಮೇಲೆ ಮೈದುನನನ್ನು ಕೇಳಿದಳು. ಆಟದವರಿಗೆ ಈ ತಡದ ವಿಷಯ ಚೆನ್ನಾಗಿ ಗೊತ್ತಂತೆ; ಗುಂಡು ಹೊಡೆಯುವುದು ತಡವಾದರೆ ಪ್ರಾಣ ಹೋಗುತ್ತದಲ್ಲ. ಅವನು ಲ್ಯಾಪ್‌ಟಾಪಿನಲ್ಲಿ ಎರಡು ಕಪ್ಪು ಚೌಕಗಳನ್ನು ತೆರೆದುಕೊಟ್ಟ. ಒಂದು ಚೌಕ ಮನೆಯ ಪೆಟ್ಟಿಗೆಯನ್ನು ಸದಾ "ಇದ್ದೀಯಾ?" ಎಂದು ಕೂಗಿ ಕೇಳುತ್ತದೆ. ಇನ್ನೊಂದು ಚೌಕ ಇಂಟರ್ನೆಟ್ ಕಂಪನಿಯ ಕೇಂದ್ರವನ್ನು ಕೇಳುತ್ತದೆ. "ಇದ್ದೀನಿ" ಎಂಬ ಉತ್ತರ ಬರಲು ಎಷ್ಟು ಹೊತ್ತಾಯಿತೆಂದು ಸೆಕೆಂಡಿನ ಸಾವಿರ ಭಾಗ ಮಾಡಿ ಲೆಕ್ಕ ತೋರಿಸುತ್ತವೆ. ಮನೆಯ ಪೆಟ್ಟಿಗೆ ಯಾವಾಗಲೂ ಒಂದು, ಎರಡು ಎನ್ನುತ್ತಿತ್ತು. ಕಂಪನಿಯ ಕೇಂದ್ರ ಸಾಮಾನ್ಯವಾಗಿ ಆರು, ಏಳು ಎನ್ನುತ್ತಿದ್ದದ್ದು ಪಾಠ ಶುರುವಾದ ಸ್ವಲ್ಪ ಹೊತ್ತಿಗೆ ಇನ್ನೂರಾಗಿ, ಐನೂರಾಗಿ, ಸಾವಿರವನ್ನೂ ದಾಟುತ್ತಿತ್ತು.

"ನೋಡಿ ಅತ್ತಿಗೆ, ನಿಮ್ಮ ಲ್ಯಾಪ್‌ಟಾಪು ಸರಿಯಾಗಿದೆ, ತಂತಿ ಸರಿಯಾಗಿದೆ. ಪೆಟ್ಟಿಗೆ ದಾಟಿ ಹೊರಗೆ ಹೋಗೋ ಹೊತ್ತಿಗೆ ಸಿಕ್ಕಿಹಾಕ್ಕೊಳ್ತಿದೆ. ಒಂದು ಕೂಗಿಗೇ ಒಂದು ಸೆಕೆಂಡು; ಒಂದೊಂದು ಅಕ್ಷರಕ್ಕೂ ಹೀಗೇ ಆದ್ರೆ ಒಂದು ಸಾಲು ಹೋಗೋಕೆ ಎಷ್ಟು ಹೊತ್ತು!" ಎಂದ ಮೈದುನ.

ಹೊರಗಿನ ತೊಂದರೆಯೆಂದರೆ ಕಂಪನಿಯದೇ. ಫಟಫಟಿ ಅವರನ್ನು ಕರೆಸಿದಳು. ಬಂದ ಮೆಕ್ಯಾನಿಕ್ಕು ನಡುವಯಸ್ಸಿನ, ಒಳ್ಳೆಯ ಮನುಷ್ಯ. ಕೂದಲಿನಷ್ಟು ತೆಳ್ಳಗಿನ ಗಾಜಿನ ಎಳೆಯ ತುದಿಯನ್ನು ಒರೆಸಿ, ಒಳಗೆ ಬೆಳಕು ಸರಿಯಾಗಿ ಬರುತ್ತಿದೆಯೇ ಎಂದು ಸಣ್ಣ ಯಂತ್ರವಿಟ್ಟು ನೋಡಿದ. ಸ್ಪೀಡು ಅಳೆದು ಹುಬ್ಬೇರಿಸಿದ.

"ಅಮ್ಮಾ, ನಿಮ್ಮ ಸ್ಪೀಡು ನೋಡಿ ನನಗೇ ಹೊಟ್ಟೆ ಉರೀತಿದೆ. ನಮ್ಮ ಮನೇಲಿ ಇದರ ಕಾಲು ಭಾಗ ಬರಲ್ಲ."

"ಸ್ಪೀಡು ನನಗೆ ಬೇಡಪ್ಪ. ಬರೋದು ಬೇಗ ಬರುತ್ತೆ. ನಾನು ಕಳಿಸೋದು ಯಾಕೆ ತಡ ಆಗುತ್ತೆ? ಅದು ಹೇಳಿ."

"ಈಗ ಆಗ್ತಿಲ್ವಲ್ಲ."

ಆಗುತ್ತಿರಲಿಲ್ಲ. ಕಪ್ಪು ಚೌಕದಲ್ಲಿ ಆರು, ಏಳು, ಆರು. ಅದು ಮಧ್ಯಾಹ್ನದ ಹೊತ್ತು. ಬೆಳಿಗ್ಗೆ ಬನ್ನಿ ಎಂದು ಅವಳು ಗೋಗರೆದಳು. ಪಾಪ, ಇನ್ನೊಂದು ದಿನ ಬೆಳಿಗ್ಗೆಯೂ ಬಂದ. ಬಾಗಿಲಲ್ಲಿ ಅವನನ್ನು ಕಂಡದ್ದೇ ಅತ್ತೆ ಬುಟ್ಟಿಯಿಂದ ಫೋನನ್ನು ಕಿತ್ತುಕೊಂಡು, ಅವನು ಏಣಿ ಹತ್ತುವುದನ್ನು ವಿಡಿಯೋ ಮಾಡಲು ನಿಂತರು. ತಡ ಮಾಯ. ವೈದ್ಯರ ಮುಂದೆ ಕುಳಿತ ತಕ್ಷಣ ನಿಂತುಹೋಗುವ ಕೆಮ್ಮಿನ ಹಾಗೆ. ಮೆಕ್ಯಾನಿಕ್ಕು ಫಟಫಟಿಯ ಮುಖವನ್ನು ಒಮ್ಮೆ ನೋಡಿ, ಏಣಿ ಮಡಚಿದ. ಅವನು ಬೈದಿದ್ದರೂ ಅವಳಿಗೆ ಅಷ್ಟು ನೋವಾಗುತ್ತಿರಲಿಲ್ಲ.

ಬುಧವಾರ ಬೆಳಿಗ್ಗೆ ಪಾಠದ ನಡುವಿನ ಬಿಡುವಿನಲ್ಲಿ ಅವಳು ಧಡಕ್ಕನೆ ಎದ್ದು ಬಂದದ್ದನ್ನು ನಾನು ಕಣ್ಣಾರೆ ಕಂಡೆ. ಹಿಂದಿನ ಕೋಣೆಯ ಬಾಗಿಲನ್ನು ದೂಡಿದಳು. ಮೈದುನ ಮಂಚದ ಮೇಲೆ ಕಾಲು ಚಾಚಿ ಪತ್ರಿಕೆ ಓದುತ್ತಿದ್ದ.

"ಎಲ್ಲಿಟ್ಟಿದೀಯ?"

"ಏನನ್ನ ಅತ್ತಿಗೆ?"

"ಇನ್ನೊಂದು ಫೋನು. ನಾನು ಕೂತ ತಕ್ಷಣ ಶುರುವಾಗುತ್ತೆ, ಎದ್ದ ತಕ್ಷಣ ನಿಲ್ಲುತ್ತೆ. ಈ ಮನೆಯೊಳಗೇ ಯಾರೋ ಮಾಡ್ತಿರೋ ಕೆಲಸ ಇದು. ಅತ್ತೆಗೆ ಆಟ ಬರಲ್ಲ, ಮೇಷ್ಟ್ರಿಗೆ ಬರಲ್ಲ."

"ನನ್ನ ಫೋನು ಬುಟ್ಟೀಲಿದೆ. ಕಣ್ಣು ಕಾಣಲ್ವಾ?"

"ಬುಟ್ಟೀಲಿ ಇರೋದು ನನಗೆ ತೋರಿಸೋಕೆ."

ಅವನು ಪತ್ರಿಕೆಯನ್ನು ನಿಧಾನವಾಗಿ ಮಡಿಸಿದ. "ನಿಮಗೋಸ್ಕರ ಆಟ ಬಿಟ್ಟು, ಎಂದೂ ಓದದ ಪೇಪರು ಓದ್ತಾ ಕೂತಿದ್ದೀನಿ. ಕಳ್ಳ ಅಂದುಬಿಟ್ರಲ್ಲ."

"ಆ ಹುಡುಗಿ ಒಂದು ವರ್ಷ ಕಳ್ಕೊಳ್ತಾಳೆ ಕಣೋ!"

"ನಾನಿಲ್ಲದೇ ಇದ್ರೆ ಕಳ್ಕೊಳ್ಳಲ್ಲ ತಾನೆ? ಆಯ್ತು."

ಬುಟ್ಟಿಯಿಂದ ತನ್ನ ಫೋನನ್ನು ಎಳೆದುಕೊಂಡು, ಚೀಲಕ್ಕೆ ಎರಡು ಬಟ್ಟೆ ತುರುಕಿ, ಅಂಗಡಿಯ ಜೊತೆಗಾರನ ಕೋಣೆಗೆ ಹೊರಟುಹೋದ. ಅಂದು ಆ ಮನೆಯಲ್ಲಿ ಪಾತ್ರೆಗಳೇ ಮಾತನಾಡಿದವು. ನನ್ನ ಚಹಾದ ಲೋಟವೂ ಮೇಜಿನ ಮೇಲೆ ಕುಟ್ಟಿಕೊಂಡೇ ಇಳಿಯಿತು.

ಅಷ್ಟಾದರೂ ತಡ ಹೋಗಲಿಲ್ಲ. ಅವನು ಹೊರಟ ಮೇಲೂ ಅಂಕಿಗಳು ಸಾವಿರದ ಸುತ್ತಲೇ ಕುಣಿಯುತ್ತಿದ್ದವು. ಪಾಠ ಮುಗಿದ ಮೇಲೆ ಫಟಫಟಿ ಹೊರಗೆ ಬಂದು ನನ್ನ ಪಕ್ಕದಲ್ಲಿ ಕುಳಿತಳು. ಅವಳ ಬಾಯಿಂದ ಮಾತು ಹೊರಡಲು ಅಷ್ಟು ಹೊತ್ತು ಹಿಡಿದದ್ದನ್ನು ನಾನು ಅಲ್ಲಿಯವರೆಗೆ ಕಂಡಿರಲಿಲ್ಲ.

"ಅವನಲ್ಲ ಸರ್."

"ಹಾಗಾದರೆ ಫೋನು ಮಾಡಿ ಕರೆಯಮ್ಮ."

"ಯಾವ ಮುಖ ಇಟ್ಕೊಂಡು ಕರೀಲಿ? ನಾಳೆ ಒಂದು ಕಳೀಲಿ." ಆಮೇಲೆ ತನ್ನ ಬೆರಳುಗಳನ್ನೇ ನೋಡಿಕೊಳ್ಳುತ್ತ ಹೇಳಿದಳು: "ನಾಳೆ ಹೇಗೆ ಕಳೆಯುತ್ತೆ ಅಂತಾನೇ ಗೊತ್ತಿಲ್ಲ."

ಅತ್ತೆ ಬಾಲ್ಕನಿಯಲ್ಲಿ ಬೆನ್ನು ತಿರುಗಿಸಿ ನಿಂತಿದ್ದರು. ಮನಸ್ಸು ಕೆಟ್ಟಾಗ ಅವರಿಗೆ ಕ್ರೇನೇ ಸಮಾಧಾನ. ಅಂದು ಸಂಜೆ ಬೆಳಕಿರುವವರೆಗೂ, ಗುರುವಾರ ಬೆಳಿಗ್ಗೆ ಎದ್ದ ಕೂಡಲೇ ಮತ್ತೊಮ್ಮೆ, ಅದನ್ನೇ ವಿಡಿಯೋ ಮಾಡಿದರು.

ಗುರುವಾರ ನಾನು ಬೇಗನೆ ಮೇಲೆ ಹೋದೆ. ಫಟಫಟಿ ಆಗಲೇ ಹೆಡ್‌ಫೋನು ಹಾಕಿ ಕುಳಿತಿದ್ದಳು. ಪರೀಕ್ಷೆಯ ಕೋಣೆಯಲ್ಲಿ ಕುರ್ಚಿಗಳನ್ನು ಎಳೆಯುವ ಸದ್ದು ಅವಳಿಗೆ ಕೇಳಿಸುತ್ತಿತ್ತು. ಟೈಪು ಮಾಡುವಾಗ ಕಣ್ಣು ಬೇರೆ ಕಡೆ ಹೊರಳಬಾರದೆಂದು, ಕಪ್ಪು ಚೌಕದ ಅಂಕಿಗಳನ್ನು ಓದಿ ಹೇಳುವ ಕೆಲಸವನ್ನು ನನಗೆ ಕೊಟ್ಟಳು. ಒಂದು ಕಾಲದಲ್ಲಿ ಮಕ್ಕಳಿಗೆ ಮಗ್ಗಿ ಹೇಳಿಕೊಟ್ಟವನು ನಾನು; ಅಂದು ಅಂಕಿ ಓದಲು ಕನ್ನಡಕವನ್ನು ಎರಡು ಸಲ ಒರೆಸಿಕೊಂಡೆ.

"ಏಳು. ಆರು. ಏಳು."

ಹಜಾರದಲ್ಲಿ ಅತ್ತೆ ತಮ್ಮ ಕಾನೂನಿನ ಪ್ರಕಾರ ಫೋನುಗಳನ್ನು ಬುಟ್ಟಿಗೆ ಹಾಕಿ ಚಾರ್ಜರು ಸಿಕ್ಕಿಸಿದರು. ತಮ್ಮದು, ಫಟಫಟಿಯದು, ನನ್ನದು.

"ಪರೀಕ್ಷಕರು ಬಂದ್ರು" ಎಂದಳು ಫಟಫಟಿ. "ಇನ್ನೊಬ್ಬರಿಗೆ ಕಾಯ್ತಿದ್ದಾರೆ."

"ಅರವತ್ತು. ನೂರ ನಲವತ್ತು. ಮುನ್ನೂರು."

ಅಕ್ಷರ ತಲುಪುತ್ತಿದೆಯೇ ಎಂದು ನೋಡಲು ಫಟಫಟಿ ಹುಡುಗಿಗೆ "ನಮಸ್ಕಾರ, ಕಾಣ್ತಿದೆಯಾ?" ಎಂದು ಟೈಪು ಮಾಡಿದಳು. ಉತ್ತರವಿಲ್ಲ. ಕಾದೆವು. "ಈಗ ಬಂತು ಅಕ್ಕ" ಎಂದು ಮೂಡಿತು. ಆ "ಈಗ" ಎಷ್ಟು ಹಿಂದಿನದೋ ದೇವರೇ ಬಲ್ಲ.

"ಏಳುನೂರ ಐವತ್ತು. ಒಂಬೈನೂರು. ಸಾವಿರದ ನೂರು."

"ಸಾಕು ಸರ್, ಓದಬೇಡಿ" ಎಂದಳು. ಆದರೂ ನಾನು ಓದುತ್ತಲೇ ಹೋದೆ. ಹಿಡಿದ ಪಾಠವನ್ನು ನಡುವೆ ಬಿಡುವ ಅಭ್ಯಾಸ ನನಗಿಲ್ಲ.

"ಸಾವಿರದ ಇನ್ನೂರು. ಸಾವಿರದ ಇನ್ನೂರು. ಎಂಟು."

"ಏನಂದ್ರಿ?"

"ಎಂಟು. ಆರು. ಏಳು."

ಅವಳು ಒಂದು ಕಿವಿಯ ಹೆಡ್‌ಫೋನು ಸರಿಸಿ ಹಜಾರದ ಕಡೆ ತಿರುಗಿದಳು. "ಯಾರು ಏನು ಮಾಡಿದ್ರಿ?"

ಅತ್ತೆ ಬಾಗಿಲ ಬಳಿ ಕೈಯನ್ನು ಬೆನ್ನ ಹಿಂದೆ ಇಟ್ಟುಕೊಂಡು ನಿಂತಿದ್ದರು. ತಿಂಡಿ ಕದ್ದು ಸಿಕ್ಕಿಬಿದ್ದ ಮಗುವಿನ ಮುಖ. "ನಾನೇನು ಮಾಡ್ದೆ? ಚಿಕ್ಕವನು ಊಟ ಮಾಡಿದ್ನೋ ಇಲ್ವೋ, ಒಂದು ಮಾತು ಕೇಳೋಣ ಅಂತ ಫೋನು ತಗೊಂಡೆ. ಬಾ ಅಂದೆ, ಇಟ್ಟೆ. ಅಷ್ಟೇ ಕಣೇ. ನಿನ್ನ ನೆಟ್ಟು ಮುಟ್ಟಿಲ್ಲ, ಆಣೆಗೂ!"

"ವಾಪಸ್ಸು ಬುಟ್ಟಿಗೆ ಹಾಕಿ."

"ಹಾಕ್ತೀನಿ, ಬೈಬೇಡ."

"ಚಾರ್ಜರೂ ಸಿಕ್ಕಿಸಿ. ದಿನಾ ಹಾಕೋ ಹಾಗೇ."

ಅತ್ತೆ ಹಾಕಿದರು. ನಾವಿಬ್ಬರೂ ಚೌಕವನ್ನು ನೋಡಿದೆವು. ಏಳು. ಆರು. ಆಮೇಲೆ ಎಂಬತ್ತು. ಇನ್ನೂರು. ನಾನೂರು.

"ತೆಗೀರಿ!"

"ಹಾಕು ಅಂತೀಯ, ತೆಗಿ ಅಂತೀಯ, ನನ್ನೇನು ಬೊಂಬೆ ಅಂದ್ಕೊಂಡಿದ್ದೀಯಾ?" ಎನ್ನುತ್ತಲೇ ಅತ್ತೆ ಚಾರ್ಜರನ್ನು ಕಿತ್ತರು.

ಆರು.

ಯಾರೂ ಮುಟ್ಟದೆ ಬುಟ್ಟಿಯಲ್ಲಿ ಮಲಗಿದ್ದ ಫೋನು! ಅಷ್ಟರಲ್ಲಿ ಹೆಡ್‌ಫೋನಿನಲ್ಲಿ ಯಾರೋ ಕೆಮ್ಮಿ ಗಂಟಲು ಸರಿಮಾಡಿಕೊಂಡರು. ಫಟಫಟಿ ಕೀಲಿಗಳ ಮೇಲೆ ಬೆರಳಿಟ್ಟಳು. "ಶುರುವಾಯ್ತು. ಸರ್, ಬುಟ್ಟೀನೇ ಹೊರಗೆ ತಗೊಂಡು ಹೋಗಿ. ಮನೆಯಿಂದ ದೂರ. ಎಲ್ಲವನ್ನೂ!"

ನಾನು ಬುಟ್ಟಿಯನ್ನು ಎತ್ತಿಕೊಂಡೆ. ಚಾರ್ಜರುಗಳು ಬಾಲದಂತೆ ನೇತಾಡುತ್ತಿದ್ದವು. ಅತ್ತೆ ಹಿಂದಿನಿಂದ ಅವನ್ನು ಎತ್ತಿ ಹಿಡಿದುಕೊಂಡರು. ಹೀಗೆ ಇಬ್ಬರು ವಯಸ್ಸಾದವರು ಮದುಮಗಳನ್ನು ಇಳಿಸಿ ತರುವವರಂತೆ ಆ ಬುಟ್ಟಿಯನ್ನು ಇಳಿಸಿಕೊಂಡು ಬಂದು, ಬೀದಿಯ ಬಾಗಿಲ ಹತ್ತಿರದ ಕಲ್ಲಿನ ಮೆಟ್ಟಿಲ ಮೇಲೆ ಕುಳಿತೆವು.

ಮೇಲಿನ ಕಿಟಕಿ ತೆರೆದಿತ್ತು. ಕಾಳು ಚೆಲ್ಲುವ ಸದ್ದು ಶುರುವಾಯಿತು. ಸ್ವಲ್ಪ ಹೊತ್ತು ಚೆಲ್ಲಿ ನಿಲ್ಲುವುದು, ಅದು ಪ್ರಶ್ನೆ. ಆಮೇಲೆ ಮೌನ, ಹುಡುಗಿ ಉತ್ತರ ಹೇಳುತ್ತಿರಬೇಕು. ಮತ್ತೆ ಸದ್ದು.

"ಮೇಷ್ಟ್ರೇ, ನನ್ನ ಫೋನೇ ಇಷ್ಟು ದಿನ ಅವಳ ಕತ್ತು ಹಿಸುಕ್ತಿತ್ತಾ?" ಎಂದು ಪಿಸುಗುಟ್ಟಿದರು.

ಆಗ ಸ್ಕೂಟರಿನಲ್ಲಿ ಮೈದುನ ಬಂದ. ಮುಖ ಇನ್ನೂ ಊದಿಕೊಂಡೇ ಇತ್ತು. ನಮ್ಮ ಬುಟ್ಟಿಯನ್ನು ಕಂಡು ಅದು ಸ್ವಲ್ಪ ಇಳಿಯಿತು.

"ಏನಮ್ಮ, ಮೇಷ್ಟ್ರ ಜೊತೆ ಸೇರ್ಕೊಂಡು ಫೋನಿನ ಅಂಗಡಿ ಇಟ್ಟಿದ್ದೀಯಾ?"

"ಶ್! ಮೆಲ್ಲಗೆ" ಎಂದು ಅತ್ತೆ ನಡೆದದ್ದನ್ನು ಹೇಳಿದರು. ಅವನು ತಾಯಿಯ ಫೋನನ್ನು ತೆಗೆದುಕೊಂಡು ಒಂದೆರಡು ಕಡೆ ಒತ್ತಿ ನೋಡಿದ. ಆಮೇಲೆ ಹೆಲ್ಮೆಟ್ಟಿನ ಸಮೇತ ತಲೆಯನ್ನು ಗೋಡೆಗೆ ಚಚ್ಚಿಕೊಂಡ.

"ಅಯ್ಯೋ ನನ್ನ ಬುದ್ಧಿಗೆ! ಬ್ಯಾಕಪ್ಪು. ನಿನ್ನ ಫೋಟೋ, ವಿಡಿಯೋ ಕಳೆದುಹೋಗಬಾರದು ಅಂತ ನಾನೇ ಹಾಕಿಕೊಟ್ಟಿದ್ದೆ. ಚಾರ್ಜಿಗೆ ಇಟ್ಟು, ಯಾರೂ ಮುಟ್ಟದೇ ಇದ್ರೆ ಸಾಕು, ತಾನಾಗೇ ಎಲ್ಲವನ್ನೂ ನೆಟ್ಟಿನ ಮೂಲಕ ಫೋನ್ ಕಂಪನಿಯ ಉಗ್ರಾಣಕ್ಕೆ ಕಳಿಸುತ್ತೆ. ನಮಗೆ ಬರೋ ದಾರಿ ಅಗಲ, ಹೋಗೋ ದಾರಿ ಕಿರಿದು. ಆ ಕಿರಿದಾದ ದಾರೀಲಿ ನಿನ್ನ ಕ್ರೇನು ಹೋಗ್ತಿದ್ರೆ ಅತ್ತಿಗೆ ಅಕ್ಷರ ಹಿಂದೆ ನಿಂತು ಕಾಯ್ತಿತ್ತು."

"ಅಂದ್ರೆ ಫೋನು ಮುಟ್ಟಬೇಡಿ ಅನ್ನೋ ನನ್ನ ಕಾನೂನಿಂದಾನೇ..." ಎಂದರು ಅತ್ತೆ.

"ಅದಿರಲಿ, ಅದನ್ನ ಹೊತ್ಕೊಂಡು ಇಲ್ಲೀವರೆಗೂ ಯಾಕೆ ಬಂದ್ರಿ? ಸ್ವಿಚಾಫ್ ಮಾಡಿದ್ರೆ ಸಾಕಾಗ್ತಿತ್ತಲ್ಲ?"

ಅತ್ತೆ ನನ್ನನ್ನು ನೋಡಿದರು. ನಾನು ಬುಟ್ಟಿಯನ್ನು ನೋಡಿದೆ.

ಮೇಲೆ ಸದ್ದು ನಿಂತಿತ್ತು. ಈ ಸಲದ ಮೌನ ಉದ್ದವಾಗಿತ್ತು. ಎದುರಿನ ಕ್ರೇನು ಒಂದು ಹೊರೆ ಕಬ್ಬಿಣವನ್ನು ಮೇಲಕ್ಕೊಯ್ದು ಇಳಿಸಿತು; ಆಗಲೂ ಸದ್ದಿಲ್ಲ. ಮೈದುನ ಹೆಲ್ಮೆಟ್ಟನ್ನು ತೆಗೆದು ಕೈಯಲ್ಲಿ ಹಿಡಿದು ಕಿಟಕಿಯತ್ತ ಮುಖವೆತ್ತಿ ನಿಂತ. "ಮತ್ತೆ ಸಿಕ್ಕಿಕೊಳ್ತಾ?" ಎಂದು ಅತ್ತೆ ನನ್ನ ತೋಳನ್ನು ಹಿಡಿದುಕೊಂಡರು. ಇದ್ದಕ್ಕಿದ್ದಂತೆ ಒಂದು ಹಿಡಿ ಕಾಳು ಬಿದ್ದಷ್ಟೇ ಸದ್ದು, ಅದರ ಹಿಂದೆಯೇ ಫಟಫಟಿಯ ನಗು.

ಅವಳು ಮೆಟ್ಟಿಲು ಇಳಿದು ಬರುವಾಗ ಹೆಡ್‌ಫೋನು ಇನ್ನೂ ಕೊರಳಲ್ಲೇ ಇತ್ತು.

"ಮುಗೀತು ಸರ್. ಕೊನೇಲಿ ಹಿರಿಯ ಪರೀಕ್ಷಕರು, ಇಷ್ಟು ಚೆನ್ನಾಗಿ ಹೇಳಿದ್ರೆ ಮುಂದೆ ನಮ್ಮ ಕುರ್ಚಿಗೇ ಅಪಾಯ ಅಂದ್ರು. ಕೋಣೇಲಿ ಎಲ್ಲರೂ ನಕ್ಕರು. ಅವಳೂ ನಕ್ಕಳು." ಅವಳು ಹೆಡ್‌ಫೋನನ್ನು ಮುಟ್ಟಿ ತೋರಿಸಿದಳು. "ಅವರ ಜೊತೆಗೇ ನಕ್ಕಳು ಸರ್. ನನಗೆ ಕೇಳಿಸ್ತು."

ಆಮೇಲೆ ಅವಳಿಗೆ ಮೈದುನ ಕಣ್ಣಿಗೆ ಬಿದ್ದ. ಅವಳು ಹತ್ತಿರ ಹೋಗಿ ಅವನ ಕೈಯಿಂದ ಹೆಲ್ಮೆಟ್ಟನ್ನು ತೆಗೆದುಕೊಂಡಳು.

"ಮೇಲೆ ಬಾ. ನಿನ್ನೆ ಅಂದಿದ್ದು ತಪ್ಪಾಯ್ತು. ನೀನು ತಿರುಗಿ ಬೈಯದೇ ಹೋದ್ಯಲ್ಲ, ಈಗ ಕೂತ್ಕೊಂಡು ಬೈಯಿ."

"ಬೈಯೋಣ ಅಂತಾನೇ ಬಂದೆ ಅತ್ತಿಗೆ. ಆದ್ರೆ ಅಮ್ಮನ ಫೋನಿಗೆ ನಾನು ಹಾಕಿದ ಬ್ಯಾಕಪ್ಪಿಂದಾನೇ ತಡ ಆಗ್ತಿತ್ತು ಅಂತ ಈಗಷ್ಟೇ ಗೊತ್ತಾಯ್ತು."

ಅವಳು ಕಣ್ಣರಳಿಸಿ ಅವನನ್ನು ನೋಡಿದಳು. ಅವನು ಮೆಲ್ಲಗೆ ಹೆಲ್ಮೆಟ್ಟನ್ನು ಮರಳಿ ಕೇಳುವಂತೆ ಕೈ ಚಾಚಿದ. ಅವಳು ಕೊಡಲಿಲ್ಲ, ಅದನ್ನು ಹಿಡಿದುಕೊಂಡೇ ಮೆಟ್ಟಿಲು ಹತ್ತಿದಳು, ಅವನೂ ಹಿಂದೆ ಹೋದ.

ಅತ್ತೆ ನನ್ನ ತೊಡೆಯ ಮೇಲಿದ್ದ ಬುಟ್ಟಿಯಿಂದ ತಮ್ಮ ಫೋನನ್ನು ತೆಗೆದು ಎದೆಗೊತ್ತಿಕೊಂಡು, ಮೆಟ್ಟಿಲ ಕೆಳಗಿನಿಂದಲೇ ಕೂಗಿದರು: "ಲೋ, ಅದೇನು ನಿಲ್ಲಿಸ್ತೀಯೋ ನಿಲ್ಲಿಸು. ನನ್ನ ಕ್ರೇನು ಮಾತ್ರ ಅಳಿಸಬೇಡ!"